ಕನ್ನಡ ಕಲಿತ ಪಾದ್ರಿ ಕಿಟೆಲ್

ಫರ್ಡಿನೆಂಡ್ ಕಿಟೆಲ್ ಅವರು 1832ರಲ್ಲಿ ಜರ್ಮನಿ ದೇಶದಲ್ಲಿ ಜನಿಸಿದರು. 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ನಮ್ಮ ನಾಡಿಗೆ ಬಂದರು. ಯೇಸುವಿನ ಕಥೆ ಹೇಳಲು ಬಂದವರಿಗೆ ಜನರ ಮಾತೇ ಬರುತ್ತಿರಲಿಲ್ಲ. ಅದಕ್ಕೇ ಮೊದಲು ಕನ್ನಡ ಕಲೀಲಿಕ್ಕೆ ಕುಂತರು. ಧಾರವಾಡ, ಮಂಗಳೂರು, ಮಡಿಕೇರಿಯಲ್ಲಿದ್ದು ಜನರ ಸಂಗಡ ಬೆರೆತರು. ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಪದ್ಯ ಕಟ್ಟಿ 1862ರಲ್ಲಿ ‘ಕಥಾಮಾಲೆ’ ಬರೆದರು.

ಅವರು ಹಳಗನ್ನಡ ಪುಸ್ತಕ ಓದಿದರು. ಜನರು ಆಡುವ ಶಬ್ದಗಳನ್ನೂ ಕೇಳಿ ಬರೆದುಕೊಂಡರು. ಹೀಗೆ ವರ್ಷಗಟ್ಟಲೆ ದುಡಿದು ಕನ್ನಡ–ಇಂಗ್ಲಿಷ್ ನಿಘಂಟು ಮಾಡಿದರು. ಅದು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಾಗ ಸುಮಾರು 70,000 ಶಬ್ದ ಅದಾವ. 1903ರಲ್ಲಿ ಅವರು ಜರ್ಮನಿಯಲ್ಲಿ ತೀರಿಕೊಂಡರು.

ನಾವು ಕಮಲಾಪುರದಿಂದ ಕಲಬುರಗಿಗೆ ಹೋದಾಗ ನಮ್ಮ ಮಾತು ಕೇಳಿ ಕೆಲವರು ನಗ್ತಾರ. ನನಗೂ ನಾಚಿಕೆ ಆಗ್ತಿತ್ತು. ದೂರದ ದೇಶದವರು ಆಡುಮಾತನ್ನೂ ಕಿವಿಗೊಟ್ಟು ಕೇಳಿದರೆಂದು ಓದಿದ ಮ್ಯಾಲೆ ನನ್ನ ನಾಚಿಕೆ ಹೋಯ್ತು.

ಇದರಿಂದ ನಾವು ಕಲಿಯುವುದು ಏನೆಂದರೆ, ಯಾರಿಗೇ ಆಗಲಿ ನಮ್ಮ ಮಾತು ಹೇಳೋಕಿಂತ ಮೊದಲು ಅವರ ಮಾತು ಕೇಳಬೇಕು. ನಮ್ಮ ಓಣಿಗೆ ಹೊಸಬರು ಬಂದರೂ ಹಂಗೇ ಮಾಡೋಣ.