ಮಂಗನ ಚಿತ್ರ ಬರೆಸಿದ ಡಾಕ್ಟರ್: ಬುಕಾನನ್

ಆನ್‌ಲೈನ್‌ನಲ್ಲಿ ಈಗ ಒಂದು ಥರದ ಗ್ರೀಟಿಂಗ್ ಕಾರ್ಡ್ ಸಿಗ್ತದ, ನೋಡಿರಬಹುದು. ಹಳದಿಯಾದ ಹಳೇ ಕಾಗದ, ಕೊಂಬೆ ಮೇಲೆ ಭಾರೀ ಸೀರಿಯಸ್ ಆಗಿ ಕೂತ ಮಂಗ, ಕೆಳಗೆ ಲ್ಯಾಟಿನ್ ಹೆಸರು. ಒಳಗೆ ತೆರೆದರೆ ಹ್ಯಾಪಿ ಬರ್ತ್‌ಡೇ. ಜೇವರ್ಗಿ ಕಾಲೋನಿ ಹುಡುಗರು ದೋಸ್ತನಿಗೆ ಮಂಗ್ಯಾ ಅಂತ ಬೈಯೋಕೆ ಇದಕ್ಕಿಂತ ಮರ್ಯಾದೆಯ ದಾರಿ ಇಲ್ಲ. ಇಂಥ ಚಿತ್ರಗಳು ಹೆಚ್ಚಾಗಿ 18, 19ನೇ ಶತಮಾನದವು. ಕಾಪಿರೈಟ್ ಮುಗಿದು ಹೋಗಿದೆ, ಯಾರು ಬೇಕಾದರೂ ಪ್ರಿಂಟ್ ಹಾಕಬಹುದು. ಆದರೆ ಆ ಮಂಗನನ್ನು ಎದುರಿಗೆ ಇಟ್ಟುಕೊಂಡು ಬರೆದವರು ಯಾರು, ಬರೆಸಿದವರು ಯಾರು? ಇಂಡಿಯಾದಲ್ಲಿ ಹೀಗೆ ಪ್ರಾಣಿಗಳ ಚಿತ್ರ ಬರೆಸಿದವರಲ್ಲಿ ಒಬ್ಬ ನಮ್ಮ ಕರ್ನಾಟಕವನ್ನೂ ಸುತ್ತಿದವನು. ಹಿಸ್ಟರಿ ಪುಸ್ತಕದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುವ ಫ್ರಾನ್ಸಿಸ್ ಬುಕಾನನ್.

ಹುಟ್ಟಿದ್ದು 1762ರಲ್ಲಿ, ಸ್ಕಾಟ್‌ಲೆಂಡ್‌ನಲ್ಲಿ. ಎಡಿನ್‌ಬರೋದಲ್ಲಿ ಡಾಕ್ಟರಿಕೆ ಓದಿ, ಹಡಗುಗಳಲ್ಲಿ ಕೆಲಸ ಮಾಡಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಕೀಯ ಸೇವೆಗೆ ಸೇರಿದ. ಕೆಲಸ ಔಷಧಿ ಕೊಡೋದು, ಮನಸ್ಸು ಮಾತ್ರ ಗಿಡ, ಮೀನುಗಳ ಮೇಲೆ.

1799ರಲ್ಲಿ ಟಿಪ್ಪು ಸುಲ್ತಾನ್ ಸತ್ತ. ಹೊಸದಾಗಿ ಕೈಗೆ ಬಂದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಏನು ತಯಾರಾಗುತ್ತದೆ ಅಂತ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ತಿಳಿಯಬೇಕಿತ್ತು. ಕಂದಾಯ ಎಷ್ಟು ಎತ್ತಬಹುದು ಅನ್ನೋ ಲೆಕ್ಕ ಅದರ ಹಿಂದೆ ಇತ್ತು ಅಂತ ಬೇರೆ ಹೇಳಬೇಕಿಲ್ಲ. ಬುಕಾನನ್ 1800ರ ಏಪ್ರಿಲ್‌ನಲ್ಲಿ ಮದ್ರಾಸಿನಿಂದ ಹೊರಟು ಒಂದು ವರ್ಷಕ್ಕೂ ಹೆಚ್ಚು ಕಾಲ ಮೈಸೂರು, ಮಲಬಾರ್, ಕೆನರಾ ಸುತ್ತಿದ. ನಮ್ಮ ಕಲಬುರಗಿ ಆಗ ನಿಜಾಮನ ಕೈಲಿತ್ತು, ಅದಕ್ಕೇ ಈ ಕಡೆ ಬರಲಿಲ್ಲ. 1807ರಲ್ಲಿ ಈ ಪ್ರವಾಸದ ಪುಸ್ತಕ ಲಂಡನ್‌ನಲ್ಲಿ ಮೂರು ಸಂಪುಟವಾಗಿ ಬಂತು. ನಮ್ಮಂಥ ಎಂಜಿನಿಯರಿಂಗ್‌ನವರು ಓದಲೇಬೇಕಾದ ಪುಸ್ತಕ ಅದು. ಕಬ್ಬಿಣದ ಅದಿರು ಕರಗಿಸುವ ಕುಲುಮೆ, ವಾದ್ಯಗಳಿಗೆ ಚನ್ನಪಟ್ಟಣದಲ್ಲಿ ಎಳೆಯುತ್ತಿದ್ದ ಉಕ್ಕಿನ ತಂತಿ, ಮತ್ತೋಡಿನ ಬಳೆ ಗಾಜು, ಎಲ್ಲವನ್ನೂ ಲ್ಯಾಬ್ ರೆಕಾರ್ಡ್ ಥರ ಸ್ಟೆಪ್ ಬೈ ಸ್ಟೆಪ್ ಬರೆದಿದ್ದಾನೆ.

ಅದರಲ್ಲಿ ಮಂಗಗಳೂ ಇವೆ. ಮೈಸೂರು ಸೀಮೆಯ ತೋಟಗಳಲ್ಲಿ ಮಂಗ, ಅಳಿಲುಗಳ ಕಾಟ ವಿಪರೀತ, ಆದರೆ ಕೊಂದರೆ ಪಾಪ. ಕೊಂದವನನ್ನು ದಾಸಯ್ಯಗಳು ಸುತ್ತುವರಿದು, ಆ ಪ್ರಾಣಿಗೆ ಶಾಸ್ತ್ರೋಕ್ತವಾಗಿ ಮಣ್ಣು ಮಾಡಿಸುವ ತನಕ ಬಿಡುತ್ತಿರಲಿಲ್ಲವಂತೆ. ಖರ್ಚು 100ರಿಂದ 200 ಹಣ (ಆಗಿನ ನಾಣ್ಯ). ಅದಕ್ಕೇ ತೋಟದವರು ಮೊದಲೆಲ್ಲ ಬಲೆ ಹಾಕುವವರನ್ನು ಕರೆಸಿ, ಮಂಗಗಳನ್ನು ಹಿಡಿಸಿ, ದೂರದ ಊರಿನ ತೋಟಕ್ಕೆ ಗುಟ್ಟಾಗಿ ಬಿಡಿಸುತ್ತಿದ್ದರು. ಆ ಊರಿನವರೂ ಅದನ್ನೇ ಮಾಡಿದರು! ಕೊನೆಗೆ ಎಲ್ಲರಿಗೂ ಸಾಕಾಗಿ ಬಿಟ್ಟುಬಿಟ್ಟರು. ಇನ್ನೂರು ವರ್ಷದ ಹಿಂದಿನ ಈ ಕಥೆಯನ್ನು ಕಮಲಾಪುರದ ಕೆಂಪು ಬಾಳೆ ಬೆಳೆಯೋ ರೈತರಿಗೆ ಹೇಳಿದರೆ ಬಿಡಿಸಿ ಹೇಳುವ ಕೆಲಸವೇ ಇರೋದಿಲ್ಲ.

ಆಮೇಲೆ ನೇಪಾಳಕ್ಕೆ ಹೋಗಿ ಬಂದ. ಮುಂದೆ ವೆಲ್ಲೆಸ್ಲಿ ಕಲ್ಕತ್ತಾ ಹತ್ತಿರ ಬಾರಕ್‌ಪುರದಲ್ಲಿ ಪ್ರಾಣಿಸಂಗ್ರಹ ಶುರು ಮಾಡಿದಾಗ ಅದರ ಜವಾಬ್ದಾರಿ ಬುಕಾನನ್ ಮೇಲೆ ಬಿತ್ತು. ಪ್ಲಾನ್ ಸಿಂಪಲ್: ಬೇರೆಬೇರೆ ಕಡೆಯಿಂದ ಪ್ರಾಣಿಪಕ್ಷಿ ತರಿಸೋದು, ಅವುಗಳ ವಿವರ ಬರೆಯೋದು, ಚಿತ್ರ ಬರೆಸೋದು. ಕ್ಯಾಮೆರಾ ಇಲ್ಲದ ಕಾಲ. ಒಂದು ಮಂಗದ ಬಾಲ ಎಷ್ಟು ಉದ್ದ, ಮುಖದ ಸುತ್ತ ಕೂದಲು ಯಾವ ಕಡೆ ಬಾಗಿದೆ ಅಂತ ಯುರೋಪಿನಲ್ಲಿ ಕೂತವನಿಗೆ ತೋರಿಸಬೇಕಾದರೆ ಚಿತ್ರವೇ ಡೇಟಾ. ಅಳತೆ ತಪ್ಪಿದರೆ ಬೇರೆ ಪ್ರಾಣಿಯೇ ಆಗಿಹೋಗುತ್ತದೆ.

ಆ ಡೇಟಾ ಬರೆದ ಕೈ ಬುಕಾನನ್‌ದಲ್ಲ. ಅವನು ಕೆಲಸಕ್ಕೆ ಇಟ್ಟುಕೊಂಡಿದ್ದ ಬಂಗಾಳಿ ಚಿತ್ರಕಾರ ಹಲುದಾರ್‌ದು. ಹಲುದಾರ್ ಬರೆದ ಕರಡಿಯನ್ನು ನೋಡಿದರೆ ಒಂದೊಂದು ಕೂದಲೂ ಬೇರೆಬೇರೆ ಕಾಣುತ್ತದೆ. ನಮ್ಮ ಎಂಜಿನಿಯರಿಂಗ್ ಡ್ರಾಯಿಂಗ್ ಶೀಟಿನ ತಾಳ್ಮೆ ಅದರ ಮುಂದೆ ಏನೂ ಅಲ್ಲ. ಈ ಚಿತ್ರಗಳು ಲಂಡನ್‌ನ ಕಂಪನಿ ಲೈಬ್ರರಿ ಸೇರಿ, ಈಗ ಬ್ರಿಟಿಷ್ ಲೈಬ್ರರಿಯಲ್ಲಿವೆ.

ವೆಲ್ಲೆಸ್ಲಿ 1805ರಲ್ಲಿ ಊರಿಗೆ ಹೋದ, ಜೊತೆಗೆ ಬುಕಾನನ್ ಕೂಡ. ತಿರುಗಿ ಬಂದವನು 1807ರಿಂದ 1814ರವರೆಗೆ ಬಂಗಾಳ, ಬಿಹಾರದ ಜಿಲ್ಲೆಗಳನ್ನು ಸರ್ವೇ ಮಾಡಿದ. ಏಳು ವರ್ಷ! ಗಿಡ, ಮೀನು, ಕಂಡದ್ದರ ಚಿತ್ರವನ್ನೆಲ್ಲ ಬರೆಸಿದ. ಕೊನೆಗೆ ಕಲ್ಕತ್ತಾ ಬೊಟಾನಿಕಲ್ ಗಾರ್ಡನ್ ಮುಖ್ಯಸ್ಥನಾಗಿ, ಆರೋಗ್ಯ ಕೆಟ್ಟು 1815ರಲ್ಲಿ ಊರಿಗೆ ಹೊರಟು ನಿಂತಾಗ ಹೊಸ ಗವರ್ನರ್ ಜನರಲ್ ಲಾರ್ಡ್ ಮೊಯ್ರಾ ಆ ಚಿತ್ರಗಳನ್ನು ಒಯ್ಯಲು ಬಿಡಲಿಲ್ಲ. ಸರ್ಕಾರದ ದುಡ್ಡಿನಲ್ಲಿ ಬರೆಸಿದ್ದು, ಇಲ್ಲೇ ಇರಲಿ ಅನ್ನೋ ಲೆಕ್ಕ. ಬುಕಾನನ್ ಅವನ್ನು ಲಂಡನ್‌ನಲ್ಲಿ ಕಂಪನಿಗೇ ಒಪ್ಪಿಸಬೇಕು ಅಂದುಕೊಂಡಿದ್ದ. ಈ ಬೇಸರ ಅವನಿಂದ ಹೋಗಲಿಲ್ಲ. ನನಗೂ ಮೊದಲು ಅವನ ಮೇಲೆ ಪಾಪ ಅನಿಸಿತು. ಆಮೇಲೆ ಹಲುದಾರ್ ನೆನಪಾದ. ಚಿತ್ರ ಬುಕಾನನ್‌ದೋ ಸರ್ಕಾರದ್ದೋ ಅನ್ನೋ ಈ ಜಗಳದಲ್ಲಿ ಬರೆದವನಿಗೆ ಪಾಲೇ ಇಲ್ಲ.

ಊರಲ್ಲಿ ತಾಯಿ ಕಡೆಯ ಆಸ್ತಿ ಬಂದು ಹೆಸರು ಹ್ಯಾಮಿಲ್ಟನ್ ಆಯಿತು. 1822ರಲ್ಲಿ ಗಂಗಾ ನದಿಯ ಮೀನುಗಳ ಬಗ್ಗೆ ದೊಡ್ಡ ಪುಸ್ತಕ ತಂದ. 1829ರಲ್ಲಿ ತೀರಿಕೊಂಡ. ರೋಹು ಮೀನಿನ ಸೈಂಟಿಫಿಕ್ ಹೆಸರು ಲೇಬಿಯೋ ರೋಹಿಟಾ. ಅದರ ಮುಂದೆ ಇವತ್ತಿಗೂ ಹ್ಯಾಮಿಲ್ಟನ್, 1822 ಅಂತ ಬರೀತಾರೆ. ಹೆಸರಿಟ್ಟವನನ್ನು ಬರೆಯುವುದು ಜೀವಶಾಸ್ತ್ರದ ರೂಲ್. ಚಿತ್ರ ಬರೆದವನಿಗೆ ಅಂಥ ರೂಲ್ ಇಲ್ಲ. ಮುಂದೆ ಅಂಥ ಕಾರ್ಡ್ ಯಾರಾದರೂ ಕೊಟ್ಟರೆ, ಮಂಗ ನೋಡಿ ನಕ್ಕ ಮೇಲೆ ಒಮ್ಮೆ ಹಿಂದೆ ತಿರುಗಿಸಿ, ಬರೆದವರ ಹೆಸರು ಹಾಕಿದ್ದಾರಾ ನೋಡ್ರಿ.