ಹಾನ್ಸ್ ಬರ್ಗರ್ ಮತ್ತು ಮೆದುಳಿನ ಅಲೆಗಳು

ನಮ್ಮ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಹೊರಟ ನಾನು ಕೊನೆಗೆ ಸೇರಿದ್ದು ಬೆಂಗಳೂರಿನ ಒಂದು ಆಸ್ಪತ್ರೆಯ ಇಇಜಿ ಕೋಣೆಯನ್ನು. ನಿವೃತ್ತಿಯವರೆಗೂ ಜನರ ತಲೆಗೆ ತಂತಿ ಅಂಟಿಸುವುದೇ ನನ್ನ ಕೆಲಸ. ಪುತ್ತೂರು, ಸುಳ್ಯ, ಕಡಬದ ಕಡೆಯಿಂದ ಬಂದವರು ನನ್ನ ಮಾತಿನ ಧಾಟಿ ಕೇಳಿ ಊರು ಯಾವುದೆಂದು ವಿಚಾರಿಸುತ್ತಿದ್ದರು. ಮರುಕ್ಷಣವೇ ಈ ತಂತಿಯಿಂದ ಶಾಕ್ ಹೊಡೆಯುತ್ತದೆಯೇ ಎಂದೂ ಕೇಳುತ್ತಿದ್ದರು. ಹೊಡೆಯುವುದಿಲ್ಲ. ತಂತಿ ತಲೆಗೆ ವಿದ್ಯುತ್ತನ್ನು ಕೊಡುವುದಿಲ್ಲ, ತಲೆಯಲ್ಲಿ ಇರುವುದನ್ನು ಅಳೆಯುತ್ತದೆ. ಮನುಷ್ಯನಲ್ಲಿ ಅದನ್ನು ಮೊದಲು ಅಳೆದು ಬರೆದಿಟ್ಟವರು ಹಾನ್ಸ್ ಬರ್ಗರ್. ಅವರ ಬದುಕನ್ನು ನಮ್ಮ ಊರಿನವರಿಗೆ ಹೇಳಬೇಕೆಂಬ ಆಸೆ ಬಹಳ ದಿನಗಳದ್ದು.

ಬರ್ಗರ್ ಹುಟ್ಟಿದ್ದು 1873ರ ಮೇ 21ರಂದು, ಜರ್ಮನಿಯ ಕೋಬುರ್ಗ್ ಪಟ್ಟಣದ ಹತ್ತಿರದ ಒಂದು ಹಳ್ಳಿಯಲ್ಲಿ. ತಂದೆ ವೈದ್ಯರು. ತಾಯಿಯ ತಂದೆ ಫ್ರೀಡ್ರಿಕ್ ರೂಕರ್ಟ್ ಹೆಸರಾಂತ ಕವಿ, ಸಂಸ್ಕೃತ ಬಲ್ಲವರು; ನಳ ದಮಯಂತಿಯ ಕಥೆಯನ್ನು ಜರ್ಮನ್ ಪದ್ಯಕ್ಕೆ ತಂದವರು. ನಾವು ಆಟದಲ್ಲಿ ಬೆಳಗಿನವರೆಗೆ ಕೂತು ನೋಡುವ ಕಥೆ ಆ ಮನೆಯಲ್ಲೂ ಇತ್ತು ಎಂಬುದು ನನಗೆ ಖುಷಿಯ ಸಂಗತಿ. ವಿಜ್ಞಾನಕ್ಕೂ ಇದಕ್ಕೂ ಸಂಬಂಧ ಇಲ್ಲ, ಇರಲಿ.

ಗಣಿತ ಮತ್ತು ಖಗೋಳಶಾಸ್ತ್ರ ಓದಲು ಬರ್ಲಿನ್‌ಗೆ ಹೋದ ಹುಡುಗ ಅದನ್ನು ಬಿಟ್ಟು ಒಂದು ವರ್ಷಕ್ಕೆ ಸೈನ್ಯ ಸೇರಿದರು. ಅಲ್ಲೊಂದು ದಿನ ಕುದುರೆಯಿಂದ ಕೆಳಗೆ, ಫಿರಂಗಿ ಬಂಡಿಯ ದಾರಿಗೇ ಬಿದ್ದರು. ಬಂಡಿ ಹೇಗೋ ನಿಂತಿತು. ಅದೇ ದಿನ ಮನೆಯಿಂದ ಕ್ಷೇಮ ವಿಚಾರಿಸಿ ಟೆಲಿಗ್ರಾಂ ಬಂತು. ದೂರದಲ್ಲಿದ್ದ ಸಹೋದರಿಗೆ ಅವರಿಗೇನೋ ಆಗಿದೆ ಎಂಬ ಕಳವಳ ಹುಟ್ಟಿತ್ತಂತೆ. ಒಬ್ಬರ ಮನಸ್ಸಿನ ಭಯ ಇನ್ನೊಬ್ಬರ ಮನಸ್ಸಿಗೆ ಹೇಗೆ ಮುಟ್ಟಿತು? ಇದನ್ನು ತಿಳಿಯಲೆಂದೇ ಅವರು ವೈದ್ಯಕೀಯ ಓದಿದರು, 1897ರಲ್ಲಿ ಯೆನಾ ನಗರದ ಮನೋರೋಗ ಆಸ್ಪತ್ರೆ ಸೇರಿದರು. ಮೆದುಳಿನ ರಕ್ತಸಂಚಾರ ಅಳೆದರು, ಅದರ ಬಿಸಿ ಅಳೆದರು. ಇಪ್ಪತ್ತು ವರ್ಷ ದಾಟಿದರೂ ಹೇಳಿಕೊಳ್ಳುವಂಥದ್ದು ಸಿಗಲಿಲ್ಲ.

1875ರಲ್ಲೇ ಇಂಗ್ಲೆಂಡಿನ ರಿಚರ್ಡ್ ಕೇಟನ್ ಮೊಲ ಮತ್ತು ಮಂಗಗಳ ಮೆದುಳಿನಲ್ಲಿ ವಿದ್ಯುತ್ತನ್ನು ಕಂಡಿದ್ದರು. ಮನುಷ್ಯನ ಸರದಿ ಬಂದದ್ದು 1924ರ ಜುಲೈ 6ರಂದು. ಶಸ್ತ್ರಚಿಕಿತ್ಸೆಗೆ ಬುರುಡೆಯ ಎಲುಬು ತೆಗೆದಿದ್ದ 17 ವರ್ಷದ ಹುಡುಗನ ತಲೆಯಿಂದ ಬರ್ಗರ್ ಮೊದಲ ದಾಖಲೆ ಪಡೆದರು. ನಂತರ ಎಲುಬು ಗಟ್ಟಿಯಿದ್ದವರಲ್ಲೂ ಸಿಗುತ್ತದೆಂದು ಕಂಡು, ಮಗ ಕ್ಲೌಸ್‌ನನ್ನೇ ಎಷ್ಟೋ ಬಾರಿ ಕೂರಿಸಿ ದಾಖಲಿಸಿದರು. ಸಿಕ್ಕಿದ್ದು ಎಷ್ಟು ಸಣ್ಣ ವಿದ್ಯುತ್ತು ಎಂದರೆ, ಟಾರ್ಚಿನ ಒಂದು ಶೆಲ್ಲಿನ ಒತ್ತಡದ ಸುಮಾರು ಮೂವತ್ತು ಸಾವಿರದಲ್ಲಿ ಒಂದು ಪಾಲು. ಹೃದಯದ್ದೋ ಸ್ನಾಯುವಿನದ್ದೋ ಇರಬಹುದೆಂಬ ಅನುಮಾನದಲ್ಲಿ ಐದು ವರ್ಷ ಪರೀಕ್ಷಿಸಿ 1929ರಲ್ಲಿ ಪ್ರಕಟಿಸಿದರು. ಕಣ್ಣು ಮುಚ್ಚಿ ಸುಮ್ಮನೆ ಕೂತರೆ ಸೆಕೆಂಡಿಗೆ ಹತ್ತರ ಆಸುಪಾಸಿನಲ್ಲಿ ಅಲೆಗಳು. ಕಣ್ಣು ತೆರೆದ ಕೂಡಲೇ ಮಾಯ. ಅವಕ್ಕೆ ಆಲ್ಫಾ ಎಂದು ಹೆಸರಿಟ್ಟರು. ಹೆಚ್ಚಿನವರು ನಂಬಲಿಲ್ಲ. 1934ರಲ್ಲಿ ಕೇಂಬ್ರಿಜ್‌ನ ಏಡ್ರಿಯನ್ ಮತ್ತು ಮ್ಯಾಥ್ಯೂಸ್ ತಾವೂ ಮಾಡಿ ನೋಡಿ ನಿಜವೆಂದ ಮೇಲೆ ಲೋಕ ಒಪ್ಪಿತು.

ಈಗ ಬುರುಡೆಯ ಅಳತೆ ತೆಗೆದು ಇಪ್ಪತ್ತೊಂದು ಕಡೆ ಲೋಹದ ಬಿಲ್ಲೆ ಅಂಟಿಸುತ್ತೇವೆ. ನಮ್ಮವರ ತಲೆಯ ತೆಂಗಿನೆಣ್ಣೆ ಹೋಗದೆ ಒಂದೂ ಅಂಟುವುದಿಲ್ಲ! ಎರಡೆರಡು ಜಾಗಗಳ ನಡುವಿನ ವ್ಯತ್ಯಾಸ ಒಂದೊಂದು ಗೆರೆಯಾಗಿ ಮೂಡುತ್ತದೆ. ಗೆರೆಯಲ್ಲಿ ಎಷ್ಟು ವೇಗದ ಅಲೆಗಳು ಬೆರೆತಿವೆಯೆಂದು ಗಣಿತದಿಂದ ಬಿಡಿಸುವ ಕೆಲಸ 1932ರಲ್ಲಿ ಯೆನಾದಲ್ಲೇ ಶುರುವಾಯಿತು; ಈಗ ಅದನ್ನು ಕಂಪ್ಯೂಟರ್ ಕ್ಷಣದಲ್ಲಿ ಮಾಡುತ್ತದೆ. ಅಪಸ್ಮಾರದಲ್ಲಿ ಗೆರೆಯ ಮಧ್ಯೆ ಚೂಪಾದ ಮೊನೆಗಳು ಏಳುತ್ತವೆ. ಆದರೆ ಗೆರೆ ಸರಿ ಇದ್ದ ಮಾತ್ರಕ್ಕೆ ರೋಗ ಇಲ್ಲವೆಂದಲ್ಲ. ಕಂಡವರು ಹೇಳುವ ವಿವರವೇ ವೈದ್ಯರಿಗೆ ಮುಖ್ಯ.

ನನ್ನ ತರಗತಿಯಲ್ಲಿ ಒಬ್ಬಳಿಗೆ ಫಿಟ್ಸ್ ಬರುತ್ತಿತ್ತು. ಕೈಗೆ ಬೀಗದ ಕೈ ತುರುಕುತ್ತಿದ್ದೆವು. ಒಂಬತ್ತನೆಗೆ ಅವಳು ಶಾಲೆ ಬಿಟ್ಟಳು. ಮನೆಯವರು ಅದು ಸೋಂಕು ಎಂದು ನಂಬಿದ್ದರು. ತಲೆಗೆ ಬಿಸಿನೀರು ಹೊಯ್ದಾಗ ಮಾತ್ರ ಬರುವ ಅಪಸ್ಮಾರವೂ ಉಂಟು. ನಮ್ಮ ರಾಜ್ಯದ ದಕ್ಷಿಣ ಭಾಗದಲ್ಲಿ ಅದು ಜಾಸ್ತಿ. ಬೆಂಗಳೂರಿನ ವೈದ್ಯರು 1960ರ ದಶಕದಿಂದ ಅದನ್ನು ಅಭ್ಯಾಸ ಮಾಡಿದರು. 1988ರ ಒಂದು ವರದಿಯಲ್ಲೇ 279 ರೋಗಿಗಳಿದ್ದಾರೆ.

ಇನ್ನು ಹೇಳಲು ಕಷ್ಟವಾದ ಭಾಗ. 1933ರಲ್ಲಿ ಹಿಟ್ಲರನ ಸರಕಾರ, ವಂಶಪಾರಂಪರ್ಯ ರೋಗ ಎಂದು ಪಟ್ಟಿ ಮಾಡಿದವರಿಗೆ ಬಲವಂತವಾಗಿ ಸಂತಾನಹರಣ ಮಾಡುವ ಕಾನೂನು ತಂದಿತು. ಪಟ್ಟಿಯಲ್ಲಿ ಅಪಸ್ಮಾರವೂ ಇತ್ತು. ಅಂಥ ಪ್ರಕರಣಗಳನ್ನು ತೀರ್ಮಾನಿಸುವ ಯೆನಾದ ನ್ಯಾಯಮಂಡಳಿಯಲ್ಲಿ ಬರ್ಗರ್ ಕೂತಿದ್ದರು. ನಾಜಿಗಳಿಂದ ಪೀಡೆಗೊಳಗಾದ ಸಜ್ಜನ ಎಂದೇ ಪುಸ್ತಕಗಳು ಅವರನ್ನು ಬಹುಕಾಲ ವರ್ಣಿಸಿದವು. ಹಳೆಯ ಕಡತಗಳು ಬೇರೆಯೇ ಹೇಳಿದವು. ಅಪಸ್ಮಾರವನ್ನು ಕಾಗದದ ಮೇಲೆ ಕಂಡಿದ್ದ ಮನುಷ್ಯನೇ ಆ ರೋಗಿಗಳ ವಿರುದ್ಧದ ಮಂಡಳಿಯಲ್ಲಿ ಕೂತದ್ದನ್ನು ನಾನು ಕ್ಷಮಿಸಲಾರೆ. ಹಾಗೆಂದು ಆಗಿನ ಜರ್ಮನಿಯನ್ನು ಮಾತ್ರ ಬೈದು ಮುಗಿಸುವಂತಿಲ್ಲ. ನಮ್ಮ ಹಿಂದೂ ವಿವಾಹ ಕಾಯಿದೆಗೂ 1976ರಲ್ಲಿ ಪದೇ ಪದೇ ಬರುವ ಅಪಸ್ಮಾರ ಮದುವೆಗೆ ಅಡ್ಡಿ ಎಂಬ ಮಾತು ಸೇರಿತ್ತು. ಅದನ್ನು ತೆಗೆದದ್ದು 1999ರಲ್ಲಿ.

ಬರ್ಗರ್ 1938ರಲ್ಲಿ ನಿವೃತ್ತರಾದರು. 1940ರಲ್ಲಿ ಮನಸ್ಸಿನಿಂದ ಮನಸ್ಸಿಗೆ ಸಂದೇಶ ಹೋಗುವ ಬಗ್ಗೆ ಸಣ್ಣ ಪುಸ್ತಕ ಬರೆದರು. ಆಲ್ಫಾ ಅಲೆಯಲ್ಲಿ ಅದರ ಗುಟ್ಟು ಸಿಕ್ಕಿರಲಿಲ್ಲ. ತಲೆಯ ಚರ್ಮದಿಂದ ತುಸು ದೂರ ಸರಿದರೂ ಆ ವಿದ್ಯುತ್ತನ್ನು ಹಿಡಿಯುವುದೇ ಕಷ್ಟ. ಖಿನ್ನತೆ ಹೆಚ್ಚಿತು. 1941ರ ಜೂನ್ 1ರಂದು, ಮನೋರೋಗಿಗಳಿಗೆ ಅಷ್ಟು ವರ್ಷ ಚಿಕಿತ್ಸೆ ಕೊಟ್ಟ ಯೆನಾದಲ್ಲೇ, ತಮ್ಮ ಜೀವ ತಾವೇ ತೆಗೆದುಕೊಂಡರು.