ಅಲನ್ ಟ್ಯೂರಿಂಗ್: ತಪ್ಪು ಎಲ್ಲಿದೆ ಎಂದು ಎಣಿಸಿ ಹುಡುಕಿದ ಗಣಿತಜ್ಞ

ಶಾಲೆಯ ಕಂಪ್ಯೂಟರ್ ಕೆಟ್ಟು ನಿಂತಾಗ ನಾವೆಲ್ಲ ಏನು ಮಾಡ್ತೀವಿ? ಒಬ್ಬ ಕೀಬೋರ್ಡ್ ಬಡೀತಾನೆ. ಇನ್ನೊಬ್ಬ ಹಿಂದಿನ ವೈರು ಎಳೀತಾನೆ. ಮತ್ತೊಬ್ಬಳು ಬಂದ್ ಮಾಡಿ ಚಾಲೂ ಮಾಡು ಅಂತಾಳೆ. ಒಮ್ಮೊಮ್ಮೆ ಅದು ತಾನಾಗಿಯೇ ಸರಿಹೋಗುತ್ತದೆ. ಆದರೆ ಯಾಕೆ ಕೆಟ್ಟಿತ್ತು, ಯಾಕೆ ಸರಿಯಾಯ್ತು ಅಂತ ಯಾರಿಗೂ ಗೊತ್ತಿರೋದಿಲ್ಲ. ಮರುದಿನ ಮತ್ತೆ ಅದೇ ಕಥೆ.

ಕೆಟ್ಟ ವಸ್ತುವಿನ ಮುಂದೆ ಸಮಾಧಾನದಿಂದ ಕುಳಿತು, ಎಣಿಸಿ, ಬರೆದು, ತಪ್ಪನ್ನು ಹಿಡಿಯುತ್ತಿದ್ದ ಒಬ್ಬ ಮಹನೀಯರ ಜೀವನವನ್ನು ಈ ಸಂಚಿಕೆಯಲ್ಲಿ ತಿಳಿಯೋಣ. ಅವರೇ ಅಲನ್ ಮ್ಯಾಥಿಸನ್ ಟ್ಯೂರಿಂಗ್. ಅವರು ಇಂಗ್ಲೆಂಡಿನವರು. ಆದರೆ ಅವರ ಮನೆತನಕ್ಕೂ ನಮ್ಮ ತುಂಗಭದ್ರೆಗೂ ಒಂದು ನಂಟು ಐತಿ!

ಬಳ್ಳಾರಿ ಜಿಲ್ಲೆಯ ನಂಟು

ಆಗ ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲವೂ ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಮಾತ್ರ ಘೋರ್ಪಡೆ ಅರಸರ ಸಂಸ್ಥಾನ. ಅಲನ್ ಅವರ ತಂದೆ ಜೂಲಿಯಸ್ ಟ್ಯೂರಿಂಗ್ ಐ.ಸಿ.ಎಸ್. ಅಧಿಕಾರಿ. ನೌಕರಿಯ ಮೊದಲ ವರ್ಷಗಳಲ್ಲಿ ಬಳ್ಳಾರಿ, ಕರ್ನೂಲು ಜಿಲ್ಲೆಗಳಲ್ಲಿ ಕೆಲಸ ಮಾಡಿದರು. ಕುದುರೆ ಏರಿ ಊರೂರು ತಿರುಗಿ ಬೆಳೆ, ನೀರಾವರಿ, ಸಿಡುಬಿನ ಲಸಿಕೆ, ಲೆಕ್ಕಪತ್ರ ಇವನ್ನೆಲ್ಲ ತಪಾಸಣೆ ಮಾಡುವುದು ಅಂಥ ಅಧಿಕಾರಿಗಳ ಕೆಲಸ.

ತಾಯಿ ಎಥೆಲ್ ಸಾರಾ ಹುಟ್ಟಿದ್ದು 1881ರಲ್ಲಿ, ಕೊಯಮತ್ತೂರು ಹತ್ತಿರದ ಪೋದನೂರಿನಲ್ಲಿ. ಆಕೆಯ ತಂದೆ ಎಡ್ವರ್ಡ್ ವಾಲರ್ ಸ್ಟೋನಿ ಮದ್ರಾಸ್ ರೈಲ್ವೆಯ ಮುಖ್ಯ ಇಂಜಿನಿಯರ್. ತುಂಗಭದ್ರಾ ನದಿಗೆ ಕಟ್ಟಿದ ರೈಲು ಸೇತುವೆ ಅವರ ಹೆಸರಾದ ಕೆಲಸಗಳಲ್ಲಿ ಒಂದು. ಸದ್ದು ಮಾಡದೆ ತಿರುಗುವ ಪಂಖಾದ ಗಾಲಿಯನ್ನೂ ಅವರು ಕಂಡುಹಿಡಿದಿದ್ದರು. ಯಂತ್ರದ ಹುಚ್ಚು ಮೊಮ್ಮಗನಿಗೆ ತಾತನಿಂದಲೇ ಬಂದಿರಬೇಕು!

ಬಾಲ್ಯ

ಅಲನ್ ಹುಟ್ಟಿದ್ದು 1912ರ ಜೂನ್ 23ರಂದು, ಲಂಡನ್ನಿನಲ್ಲಿ. ಇಲ್ಲಿಯ ಬಿಸಿಲು, ಕಾಯಿಲೆ ಮಕ್ಕಳಿಗೆ ಒಗ್ಗುವುದಿಲ್ಲ ಎಂದು ತಂದೆ ತಾಯಿ ಅಲನ್ ಮತ್ತು ಅಣ್ಣ ಜಾನ್ ಇಬ್ಬರನ್ನೂ ಇಂಗ್ಲೆಂಡಿನ ಒಂದು ಮನೆಯಲ್ಲಿ ಬಿಟ್ಟು ಭಾರತಕ್ಕೆ ಬಂದರು. ಹಾಗಾಗಿ ಬಾಲ್ಯದ ಹೆಚ್ಚಿನ ದಿನಗಳು ಬೇರೆಯವರ ಆಸರೆಯಲ್ಲೇ ಕಳೆದವು. ಅಪ್ಪ ಅಮ್ಮ ಬರುವ ಹಡಗಿಗಾಗಿ ಕಾಯುವುದೇ ಅವರಿಗೆ ಹಬ್ಬ.

ಹುಡುಗನಿಗೆ ಎಡ ಬಲ ತಿಳಿಯುತ್ತಿರಲಿಲ್ಲ. ಅದಕ್ಕೆ ಎಡಗೈ ಹೆಬ್ಬೆರಳಿಗೆ ತಾನೇ ಒಂದು ಕೆಂಪು ಚುಕ್ಕೆ ಇಟ್ಟುಕೊಂಡ! ದಾರಿಯಲ್ಲಿ ದೀಪದ ಕಂಬ ಕಂಡರೆ ನಿಂತು ಅದರ ಮೇಲಿನ ನಂಬರ್ ಓದುತ್ತಿದ್ದ. ಅಕ್ಷರಕ್ಕಿಂತ ಅಂಕಿಯೇ ಅವನಿಗೆ ಇಷ್ಟ. ಅಕ್ಷರವಂತೂ ಅಂದಗೇಡಿ, ಮಸಿಯ ಚಿತ್ತು ಬೇರೆ. ಮಾಸ್ತರರು ಬೈಯುತ್ತಲೇ ಇದ್ದರು. (ನಮ್ಮಲ್ಲೂ ಅಂಥವರಿದ್ದಾರೆ, ಧೈರ್ಯವಾಗಿರಿ!)

1926ರಲ್ಲಿ ಶೆರ್ಬೋರ್ನ್ ಎಂಬ ಊರಿನ ಶಾಲೆಗೆ ಸೇರಬೇಕಿತ್ತು. ಅದೇ ಹೊತ್ತಿಗೆ ದೇಶದಲ್ಲೆಲ್ಲ ಮುಷ್ಕರವಾಗಿ ರೈಲು ನಿಂತವು. 13 ವರ್ಷದ ಹುಡುಗ ಸೈಕಲ್ ಹತ್ತಿ, ನಡುವೆ ಒಂದು ರಾತ್ರಿ ತಂಗಿ, ಸುಮಾರು 60 ಮೈಲಿ ತುಳಿದು ಶಾಲೆ ಮುಟ್ಟಿದ. ಅಂದರೆ ಹೊಸಪೇಟೆಯಿಂದ ಬಳ್ಳಾರಿಗೆ ಹೋಗಿ, ಅರ್ಧ ದಾರಿ ವಾಪಸ್ ಬಂದಷ್ಟು ದೂರ.

ಆ ಶಾಲೆಯಲ್ಲಿ ಕ್ರಿಸ್ಟೋಫರ್ ಮಾರ್ಕಮ್ ಎಂಬ ಜೀವದ ಗೆಳೆಯ ಸಿಕ್ಕ. ಇಬ್ಬರೂ ನಕ್ಷತ್ರ, ರಸಾಯನ, ಗಣಿತ ಅಂತ ಮಾತಾಡಿ ದಣಿಯುತ್ತಿರಲಿಲ್ಲ. 1930ರ ಫೆಬ್ರವರಿಯಲ್ಲಿ ಕ್ರಿಸ್ಟೋಫರ್ ಕ್ಷಯದಿಂದ ತೀರಿಕೊಂಡ. ಗೆಳೆಯ ಮಾಡಬೇಕಿದ್ದ ಕೆಲಸವನ್ನು ತಾನೇ ಮಾಡಿ ಮುಗಿಸಬೇಕು ಎಂದು ಅಲನ್ ಅಂದೇ ಮನಸ್ಸಿನಲ್ಲಿ ನಿಶ್ಚಯಿಸಿದರು.

ಕಾಗದದ ಮೇಲಿನ ಯಂತ್ರ

ಕೇಂಬ್ರಿಜ್‌ನಲ್ಲಿ ಓದಿ, 22ನೇ ವಯಸ್ಸಿಗೇ ಅಲ್ಲಿಯ ಕಿಂಗ್ಸ್ ಕಾಲೇಜಿನ ಫೆಲೋ ಆದರು. 1936ರಲ್ಲಿ ಒಂದು ಪ್ರಬಂಧ ಬರೆದರು. ಆಗ ಕಂಪ್ಯೂಟರ್ ಎಂದರೆ ಕುಳಿತು ಲೆಕ್ಕ ಮಾಡುವ ಮನುಷ್ಯ. ಟ್ಯೂರಿಂಗ್ ಒಂದು ಯಂತ್ರವನ್ನು ಊಹಿಸಿದರು. ಉದ್ದನೆಯ ಪಟ್ಟಿ, ಅದರ ತುಂಬ ಚೌಕಗಳು. ಯಂತ್ರ ಒಂದು ಚೌಕ ಓದುತ್ತದೆ, ಬೇಕಾದರೆ ಅಳಿಸಿ ಬರೆಯುತ್ತದೆ, ಒಂದು ಮನೆ ಆಚೆಗೋ ಈಚೆಗೋ ಸರಿಯುತ್ತದೆ. ಇಷ್ಟೇ. ಆದರೆ ಸೂಚನೆಗಳನ್ನೂ ಅದೇ ಪಟ್ಟಿಯ ಮೇಲೆ ಬರೆದುಕೊಟ್ಟರೆ ಒಂದೇ ಯಂತ್ರ ಎಲ್ಲ ಬಗೆಯ ಲೆಕ್ಕ ಮಾಡಬಲ್ಲದು ಎಂದು ತೋರಿಸಿಕೊಟ್ಟರು.

ಈಗ ನಾವು ಒಂದೇ ಕಂಪ್ಯೂಟರಿನಲ್ಲಿ ಪತ್ರ ಟೈಪು ಮಾಡ್ತೀವಿ, ಅಂಕಪಟ್ಟಿ ಹಾಕ್ತೀವಿ, ಆಟ ಆಡ್ತೀವಿ. ಯಂತ್ರ ಒಂದೇ, ಸೂಚನೆ ಬೇರೆ. ಕೆಟ್ಟಾಗಲೂ ಮೊದಲ ಪ್ರಶ್ನೆ ಇದೇ: ಕೆಟ್ಟಿದ್ದು ಯಂತ್ರವೋ, ಸೂಚನೆಯೋ?

ಯುದ್ಧ ಮತ್ತು ಗುಪ್ತಲಿಪಿ

1939ರ ಸೆಪ್ಟೆಂಬರಿನಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು. ಜರ್ಮನರು ಎನಿಗ್ಮಾ ಎಂಬ ಯಂತ್ರದಿಂದ ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸಿ ಕಳಿಸುತ್ತಿದ್ದರು. ಯಂತ್ರದ ಜೋಡಣೆಯನ್ನು ದಿನಾ ಬದಲಿಸುತ್ತಿದ್ದರು. ಟ್ಯೂರಿಂಗ್ ಬ್ಲೆಚ್ಲಿ ಪಾರ್ಕ್ ಎಂಬಲ್ಲಿ ಗುಟ್ಟಾಗಿ ಈ ಲಿಪಿ ಒಡೆಯುವ ಕೆಲಸಕ್ಕೆ ಸೇರಿದರು. ಪೋಲೆಂಡಿನ ಗಣಿತಜ್ಞರು ಮೊದಲೇ ಹಾಕಿಕೊಟ್ಟ ದಾರಿಯನ್ನು ಹಿಡಿದು, ಬಾಂಬ್ ಎಂಬ ದೊಡ್ಡ ವಿದ್ಯುತ್ ಯಂತ್ರದ ವಿನ್ಯಾಸ ಮಾಡಿದರು. (ಸಿಡಿಯುವ ಬಾಂಬ್ ಅಲ್ಲ!)

ಅದರ ಉಪಾಯ ಕೇಳ್ರಿ. ಸಂದೇಶದಲ್ಲಿ ಇಂಥ ಪದ ಇದ್ದೇ ಇರಬೇಕು ಎಂದು ಊಹಿಸುವುದು. ಹವಾಮಾನ ವರದಿಯಲ್ಲಿ ಹವಾಮಾನ ಎಂಬ ಪದ ಇರಲೇಬೇಕಲ್ಲ! ಆ ಊಹೆಗೆ ವಿರುದ್ಧವಾಗುವ ಜೋಡಣೆಗಳನ್ನು ಯಂತ್ರ ಒಂದೊಂದಾಗಿ ತಳ್ಳಿಹಾಕುತ್ತದೆ. ಕೊನೆಗೆ ಉಳಿದ ಕೆಲವನ್ನು ಮನುಷ್ಯರು ಪರೀಕ್ಷಿಸುತ್ತಾರೆ. ಮೊದಲ ಯಂತ್ರ 1940ರ ಮಾರ್ಚಿನಲ್ಲಿ ಬಂತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 200 ಇದ್ದವು. ಅವನ್ನು ನಡೆಸಿದವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಇದರಿಂದ ಜಲಾಂತರ್ಗಾಮಿಗಳ ದಾರಿ ಮೊದಲೇ ತಿಳಿದು, ಎಷ್ಟೋ ಹಡಗುಗಳು, ಎಷ್ಟೋ ಜೀವಗಳು ಉಳಿದವು. ಆದರೆ ಈ ವಿಷಯವನ್ನು ಮನೆಯವರಿಗೂ ಹೇಳುವಂತಿರಲಿಲ್ಲ. ಲೋಕಕ್ಕೆ ತಿಳಿದದ್ದು 1970ರ ನಂತರವೇ.

ಸೈಕಲ್ ಚೈನಿನ ಕಥೆ

ಆಗಿನ ಒಂದು ಪ್ರಸಂಗವನ್ನು ಜೊತೆಯವರು ನೆನೆಯುತ್ತಿದ್ದರು. ಟ್ಯೂರಿಂಗರ ಸೈಕಲ್ಲಿನ ಚೈನು ಆಗಾಗ ಕಳಚಿಕೊಳ್ಳುತ್ತಿತ್ತು. ನಾವಾದರೆ ಬೈದು, ಹಾಕಿಕೊಂಡು ಹೋಗ್ತೀವಿ. ಅವರು ಪೆಡಲ್ ಎಷ್ಟು ಸುತ್ತು ತಿರುಗಿದ ಮೇಲೆ ಕಳಚುತ್ತದೆ ಎಂದು ಎಣಿಸಿದರು. ಪ್ರತಿ ಸಲವೂ ಅಷ್ಟೇ ಸುತ್ತು! ಅಂದಮೇಲೆ ಇದು ಯೋಗಾಯೋಗವಲ್ಲ. ಸ್ವಲ್ಪ ದಿನ ಎಣಿಸುತ್ತಲೇ ತುಳಿದು, ಕಳಚುವ ಸುತ್ತು ಬರುವ ಮೊದಲೇ ಇಳಿದು ಚೈನನ್ನು ಸರಿಮಾಡಿಕೊಂಡು ಮುಂದೆ ಹೋಗುತ್ತಿದ್ದರು. ಕೊನೆಗೆ ಕೂತು ನೋಡಿದಾಗ ಗುಟ್ಟು ಸಿಕ್ಕಿತು. ಗಾಲಿಯ ಒಂದು ಕಡ್ಡಿ ಬಾಗಿತ್ತು, ಚೈನಿನ ಒಂದು ಕೊಂಡಿ ಸವೆದಿತ್ತು. ಅವೆರಡೂ ಎದುರುಬದುರಾದಾಗ ಮಾತ್ರ ಚೈನು ಬೀಳುತ್ತಿತ್ತು. ಕಡ್ಡಿ ನೆಟ್ಟಗೆ ಮಾಡಿದರು, ಮುಗೀತು!

ಕೂಡುವ ಲೆಕ್ಕ ಕಲಿಸಿದ ಪಾಠ

ಯುದ್ಧ ಮುಗಿದ ಮೇಲೆ ನಿಜವಾದ ಕಂಪ್ಯೂಟರಿನ ವಿನ್ಯಾಸ ಬರೆದರು. 1948ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಹೋದರು. ಸೂಚನೆಗಳನ್ನು ತನ್ನ ನೆನಪಿನಲ್ಲೇ ಇಟ್ಟುಕೊಂಡು ಕೆಲಸ ಮಾಡುವ ಮೊದಲ ಎಲೆಕ್ಟ್ರಾನಿಕ್ ಕಂಪ್ಯೂಟರ್ ಅದೇ ವರ್ಷ ಜೂನ್ 21ರಂದು ಅಲ್ಲಿ ನಡೆದಿತ್ತು.

1949ರ ಜೂನಿನಲ್ಲಿ ಟ್ಯೂರಿಂಗ್ ಕೇಂಬ್ರಿಜ್‌ನಲ್ಲಿ ಒಂದು ಪುಟ್ಟ ಭಾಷಣ ಮಾಡಿದರು. ದೊಡ್ಡ ಪ್ರೋಗ್ರಾಮಿನಲ್ಲಿ ತಪ್ಪಿಲ್ಲ ಎಂದು ತಿಳಿಯುವುದು ಹೇಗೆ? ಕೂಡುವ ಲೆಕ್ಕವನ್ನೇ ಉದಾಹರಣೆಯಾಗಿ ಕೊಟ್ಟರು. ನಾವೂ ಮಾಡಿ ನೋಡೋಣ: 478, 365, 289 ಕೂಡಿದರೆ 1132. ಉತ್ತರ ಮಾತ್ರ ಬರೆದರೆ ತಿದ್ದುವವರು ಮೊದಲಿಂದ ಎಲ್ಲ ಕೂಡಬೇಕು. ಬಿಡಿಯಲ್ಲಿ 22, ಕೈಯಲ್ಲಿ 2; ಹತ್ತರಲ್ಲಿ 23, ಕೈಯಲ್ಲಿ 2; ನೂರರಲ್ಲಿ 11 ಎಂದು ಬರೆದಿದ್ದರೆ ಒಂದೊಂದು ಸಾಲನ್ನು ಬೇರೆಬೇರೆಯಾಗಿ ತಿದ್ದಬಹುದು. ತಪ್ಪು ಯಾವ ಸಾಲಿನಲ್ಲಿದೆ ಎಂದು ಕೂಡಲೇ ಸಿಗುತ್ತದೆ. ದೊಡ್ಡ ಕೆಲಸವನ್ನು ತುಂಡು ಮಾಡಿ, ಪ್ರತಿ ತುಂಡಿನ ಕೊನೆಗೆ ಏನಿರಬೇಕು ಎಂದು ಬರೆದಿಡಿ ಎಂಬುದೇ ಅವರ ಪಾಠ. ಗಣಿತದ ಸರ್ ಕ್ರಮ ಬರೀರಿ ಅಂತ ಯಾಕೆ ಹೇಳ್ತಾರೆ ಅಂತ ಈಗ ತಿಳೀತಲ್ಲ!

ಮ್ಯಾಂಚೆಸ್ಟರ್ ಯಂತ್ರ ಬಳಸುವವರಿಗಾಗಿ ಟ್ಯೂರಿಂಗ್ ಒಂದು ಕೈಪಿಡಿಯನ್ನೂ ಬರೆದರು. ಆ ಯಂತ್ರಕ್ಕೆ ಕೂಗುವ ಒಂದು ಸಾಧನವಿತ್ತು. ಅದರ ಸದ್ದಿನಿಂದ ಕೆಲಸ ಎಲ್ಲಿಗೆ ಬಂತು, ಏನಾಯ್ತು ಎಂದು ನಡೆಸುವವರಿಗೆ ತಿಳಿಯುತ್ತಿತ್ತು. ನಮ್ಮ ಕಂಪ್ಯೂಟರೂ ಕೆಟ್ಟಾಗ ಪೀಂ ಪೀಂ ಅಂತದಲ್ಲ, ಹಾಗೆ!

ನಮ್ಮ ಕಂಪ್ಯೂಟರಿಗೆ ಹಚ್ಚಿ ನೋಡೋಣ

1. ದೀಪವೇ ಹತ್ತದಿದ್ದರೆ: ಗೋಡೆಯ ಸ್ವಿಚ್ಚಿನಿಂದ ಶುರುಮಾಡಿ. ಕರೆಂಟು ಇದೆಯೇ? ಯು.ಪಿ.ಎಸ್. ಚಾಲೂ ಇದೆಯೇ? ಹಿಂದಿನ ವೈರು ಗಟ್ಟಿಯಾಗಿ ಕೂತಿದೆಯೇ? ಒಂದೊಂದೇ ನೋಡಿ.
2. ದೀಪ ಹತ್ತಿ, ಫ್ಯಾನು ತಿರುಗಿ, ಪರದೆ ಮಾತ್ರ ಕಪ್ಪಗಿದ್ದರೆ: ಮಾನಿಟರಿನ ಸ್ವಿಚ್ಚು, ವೈರು ನೋಡಿ.
3. ಪೀಂ ಪೀಂ ಎಂದರೆ: ಸಲ ಎಣಿಸಿ ಬರೆದುಕೊಳ್ಳಿ. ಎಷ್ಟೋ ಸಲ ರ‍್ಯಾಮ್ ಪಟ್ಟಿ ಸಡಿಲಾಗಿರುತ್ತದೆ. ಸರ್ ಎದುರಿಗೇ, ವೈರು ಪೂರಾ ತೆಗೆದ ಮೇಲೆ, ಅದನ್ನು ಬಿಚ್ಚಿ ಹೊಳೆಯುವ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಬೇಕು.
4. ಪ್ರತಿ ದಿನ ತಾರೀಖು ತಪ್ಪು ತೋರಿಸಿದರೆ: ಒಳಗಿನ ಬಿಲ್ಲೆಯಂಥ ಬ್ಯಾಟರಿ ಮುಗಿದಿದೆ.
5. ಅರ್ಧ ತಾಸಿಗೆ ತಾನೇ ಬಂದ್ ಆದರೆ: ಬಿಸಿಯಾಗಿದೆ. ಸಂಡೂರು ಕಡೆಯ ಕೆಂಪು ಧೂಳು ಫ್ಯಾನಿನಲ್ಲಿ ಕೂತರೆ ಗಾಳಿ ಆಡೋದಿಲ್ಲ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯ್ತು ಅಂತ ತಿಳಿಯೋದಿಲ್ಲ. ಕರೆಂಟಿನ ಪೆಟ್ಟಿಗೆಯನ್ನು (ಎಸ್.ಎಂ.ಪಿ.ಎಸ್.) ಮಾತ್ರ ಯಾರೂ ಬಿಚ್ಚಬಾರದು. ವೈರು ತೆಗೆದ ಮೇಲೂ ಅದರಲ್ಲಿ ಶಾಕ್ ಹೊಡೆಯುವಷ್ಟು ಕರೆಂಟು ಉಳಿದಿರುತ್ತದೆ.

ಕೊನೆಯ ದಿನಗಳು

ಯಂತ್ರ ಯೋಚಿಸಬಲ್ಲದೇ ಎಂದು 1950ರಲ್ಲಿ ಒಂದು ಪ್ರಬಂಧ ಬರೆದರು. ನಮ್ಮ ಹಂಪಿ ಗುಡ್ಡದ ಚಿರತೆಗಿರುವಂಥ ಚುಕ್ಕೆಗಳು ಪ್ರಾಣಿಗಳ ಮೈಮೇಲೆ ಹೇಗೆ ಮೂಡುತ್ತವೆ ಎಂದು 1952ರಲ್ಲಿ ಗಣಿತದಿಂದ ವಿವರಿಸಿದರು. ಓಟದಲ್ಲೂ ಗಟ್ಟಿಗರು: 1947ರಲ್ಲಿ ಮ್ಯಾರಥಾನನ್ನು 2 ಗಂಟೆ 46 ನಿಮಿಷದಲ್ಲಿ ಓಡಿದ್ದರು.

ಆದರೆ 1952ರಲ್ಲಿ ಅವರ ಮೇಲೆ ಮೊಕದ್ದಮೆ ಬಂತು. ಅವರಿಗೆ ಪ್ರೀತಿ ಹುಟ್ಟುತ್ತಿದ್ದುದು ಗಂಡಸರ ಮೇಲೆ. ಆಗಿನ ಇಂಗ್ಲೆಂಡಿನ ಕಾನೂನಿನಲ್ಲಿ ಅದು ಅಪರಾಧ. ಮನೆಯಲ್ಲಿ ಕಳ್ಳತನವಾಯಿತೆಂದು ದೂರು ಕೊಡಲು ಹೋದವರೇ ಆರೋಪಿಯಾದರು. ಜೈಲಿಗೆ ಬದಲಾಗಿ ಒಂದು ವರ್ಷ ಹಾರ್ಮೋನಿನ ಔಷಧಿ ತೆಗೆದುಕೊಳ್ಳಬೇಕಾಯಿತು. ದೇಶವನ್ನು ಉಳಿಸಿದ ಗುಪ್ತಲಿಪಿಯ ಕೆಲಸಕ್ಕೂ ಅವರನ್ನು ಮತ್ತೆ ಸೇರಿಸಲಿಲ್ಲ. 1954ರ ಜೂನ್ 7ರಂದು ಸಯನೈಡ್ ವಿಷದಿಂದ ಅವರು ತೀರಿಕೊಂಡರು. ಆತ್ಮಹತ್ಯೆ ಎಂದು ವಿಚಾರಣೆಯಲ್ಲಿ ತೀರ್ಮಾನವಾಯಿತು. ತಾಯಿ ಮಾತ್ರ ಅದು ಆಕಸ್ಮಿಕ ಎಂದೇ ಕೊನೆತನಕ ನಂಬಿದ್ದರು. ಆಗ ಅವರಿಗೆ ಇನ್ನೂ 41 ವರ್ಷ.

2009ರಲ್ಲಿ ಬ್ರಿಟನ್ನಿನ ಪ್ರಧಾನಿ ದೇಶದ ಪರವಾಗಿ ಕ್ಷಮೆ ಕೇಳಿದರು. 2013ರಲ್ಲಿ ರಾಣಿಯ ಕ್ಷಮಾದಾನ ಬಂತು. 2021ರಲ್ಲಿ 50 ಪೌಂಡಿನ ನೋಟಿನ ಮೇಲೆ ಅವರ ಚಿತ್ರ ಅಚ್ಚಾಯಿತು. ಬ್ರಿಟಿಷರು 1860ರಲ್ಲಿ ನಮ್ಮ ದೇಶಕ್ಕೂ ಇಂಥದೇ ಕಾನೂನು ತಂದಿದ್ದರು. ವಯಸ್ಕರು ಒಪ್ಪಿ ಬಾಳುವುದು ಅಪರಾಧವಲ್ಲ ಎಂದು ನಮ್ಮ ಸುಪ್ರೀಂ ಕೋರ್ಟು 2018ರಲ್ಲಿ ತೀರ್ಪು ಕೊಟ್ಟಿತು. ಕಂಪ್ಯೂಟರ್ ವಿಜ್ಞಾನದ ಅತಿ ದೊಡ್ಡ ಪ್ರಶಸ್ತಿ ಟ್ಯೂರಿಂಗ್ ಅವರ ಹೆಸರಿನಲ್ಲೇ ಇದೆ. ಪಕ್ಕದ ಆಂಧ್ರದ ಚಿತ್ತೂರು ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದ ರಾಜ್ ರೆಡ್ಡಿ ಅವರಿಗೆ 1994ರಲ್ಲಿ ಅದು ಸಿಕ್ಕಿತು.

ಗೆಳೆಯರೇ, ಕೆಟ್ಟ ಯಂತ್ರದಲ್ಲಿ ತಪ್ಪು ಹುಡುಕಲು ಟ್ಯೂರಿಂಗ್ ಎಷ್ಟೊಂದು ತಾಳ್ಮೆ ತೋರಿದರು! ಅವರ ಕಾಲದ ಜನ ಅಷ್ಟೇ ತಾಳ್ಮೆಯನ್ನು ಅವರಿಗೆ ತೋರಲಿಲ್ಲ. ನಮ್ಮ ತರಗತಿಯಲ್ಲೂ ಅಕ್ಷರ ಕೆಟ್ಟವರು, ಒಂಟಿಯಾಗಿ ಕೂರುವವರು, ಎಲ್ಲರಂತೆ ಇಲ್ಲದವರು ಇದ್ದಾರೆ. ಅವರನ್ನು ಆಡಿಕೊಳ್ಳುವ ಮುನ್ನ ಇದನ್ನು ನೆನೆಯೋಣ.

ಇನ್ನೊಂದು ಕೆಲಸ. ಕಂಪ್ಯೂಟರಿನ ಪಕ್ಕದ ಮೊಳೆಗೆ ಒಂದು ನೋಟ್‌ಬುಕ್ಕು ತೂಗುಹಾಕೋಣ. ಕೆಟ್ಟ ದಿನ, ಹೊತ್ತು, ಏನಾಯ್ತು, ಏನು ಬದಲಿಸಿದೆವು, ಸರಿಯಾಯ್ತೋ ಇಲ್ಲವೋ, ಇಷ್ಟನ್ನು ಬರೆಯೋಣ. ಪೆನ್ಸಿಲ್ಲನ್ನು ಮಾತ್ರ ದಾರಕ್ಕೆ ಕಟ್ಟಿರಿ, ಯಾರೂ ಒಯ್ಯಬಾರದು!